ಒಳಗೆ ಮಡಚಿಟ್ಟ ಬಟ್ಟೆ

ಸಿಂದಗಿಯ ನಮ್ಮ ಟೇಲರ್ ಎಲ್ಲದಕ್ಕೂ ಹೇಳುತ್ತಿದ್ದುದು ಒಂದೇ ಮಾತು: "ತಡೀರಿ ಸರ." ಹೇಳಿದ ದಿನಕ್ಕೆ ಬಟ್ಟೆ ಕೇಳಲು ಹೋದರೂ ಅದೇ ಮಾತು, ಪುಸ್ತಕದ ಸುದ್ದಿ ತೆಗೆದರೂ ಅದೇ. ಇಸ್ತ್ರಿಪೆಟ್ಟಿಗೆಯ ಇದ್ದಿಲು ಕೆಂಪಾಗುವಷ್ಟರಲ್ಲಿ ಎರಡು ಪುಟ ಓದಿ, ಹಾಗೆಯೇ ದಪ್ಪ ದಪ್ಪ ಕಾದಂಬರಿ ಮುಗಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು, ಅಷ್ಟು ಓದಿರಲಿಲ್ಲ.

ತೊಂಬತ್ತರ ದಶಕದಲ್ಲಿ ನನ್ನ ಮದುವೆಯ ಪ್ಯಾಂಟ್ ಹೊಲಿದವರು ಅವರೇ. ತರಲು ಹೋದ ದಿನ ನನ್ನ ಕೈಯಲ್ಲೊಂದು ಕಾದಂಬರಿ ಇತ್ತು.

"ಅರವತ್ತು ಪುಟ ಓದಿದೆ. ನಾಯಕ ಇನ್ನೂ ಮನಿ ಬಾಗಿಲ ದಾಟಿಲ್ಲ. ಬಿಟ್ಟುಬಿಟ್ಟೆ," ಎಂದೆ.

ಅವರು ಕೊರಳಲ್ಲಿದ್ದ ಟೇಪ್ ತೆಗೆದು ಪುಸ್ತಕದ ದಪ್ಪ ಅಳೆದರು. "ಎರಡ ಇಂಚ ಐತಿ. ನೀವು ಕಾಲು ಇಂಚೂ ಓದಿಲ್ಲಲ್ರಿ. ತಡೀರಿ ಸರ, ಅದೆಲ್ಲಾ ಮುಂದ ಬೇಕಾಗತೈತಿ."

ಮಾತು ಬದಲಿಸಲು ನಾನು ಪ್ಯಾಂಟನ್ನು ತಿರುವಿ ನೋಡಿದೆ. ಸೊಂಟದ ಹಿಂದಿನ ಹೊಲಿಗೆಯೊಳಗೆ ಬಟ್ಟೆಯನ್ನು ದಪ್ಪಗೆ ಮಡಚಿ ಬಿಟ್ಟಿದ್ದರು. "ಇಷ್ಟ್ಯಾಕ ಬಟ್ಟಿ ಹಾಳ ಮಾಡೀರಿ?" ಎಂದೆ.

"ತಡೀರಿ ಸರ."

ಆರು ವರ್ಷದ ಮೇಲೆ ಅದೇ ಪ್ಯಾಂಟ್ ಹಿಡಿದು ಅವರ ಮುಂದೆ ನಿಂತೆ. ಗುಂಡಿ ಹತ್ತುತ್ತಿರಲಿಲ್ಲ. ಅವರು ನಗಲಿಲ್ಲ. ಹೊಲಿಗೆ ಬಿಚ್ಚಿ ಮಡಿಕೆ ಬಿಡಿಸಿದರು; ಒಳಗಿನ ಬಟ್ಟೆಯ ಬಣ್ಣ ಇನ್ನೂ ಹೊಸದರಂತಿತ್ತು.

"ಆ ಕಾದಂಬರಿ ಎಲ್ಲಿಗಿ ಬಿಟ್ಟಿದ್ರಿ?"

"ಅರವತ್ತನೇ ಪುಟಕ್ಕ."

"ಅಲ್ಲಿಂದ ಹಿಡೀರಿ. ಮುಗಿಸ್ಕೊಂಡು ಬರ್ರಿ, ಅಷ್ಟೊತ್ತಿಗೆ ಪ್ಯಾಂಟೂ ಆಗಿರ್ತೈತಿ."