ಮಕ್ಕಳು ಮೆಟ್ಟದ ಮನೆ

ಜಯಲಕ್ಷ್ಮಮ್ಮ ಹೊಸಹೊಳಲಿನಾಚೆಯ ಸಣ್ಣ ಹಳ್ಳಿಯೊಂದರ ಸರ್ಕಾರಿ ಶಾಲೆಯ ಟೀಚರು. ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಕೆ.ಆರ್. ಪೇಟೆಯಿಂದ ಬಸ್ಸು ಹಿಡಿದು ಬರುವವರು. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಪದಗಳು ಪುಸ್ತಕದಿಂದ ತಲೆಗೆ ಹತ್ತುವುದಿಲ್ಲ, ಕಾಲಿನಿಂದ ಹತ್ತುತ್ತವೆ ಅನ್ನುವುದು ಅವರ ನಂಬಿಕೆ. ಅದಕ್ಕೇ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಒಂದೊಂದರಲ್ಲೂ ಒಂದು ಚಿತ್ರ ಬಿಡಿಸುತ್ತಿದ್ದರು. ಅವರು ‘ಕೌ’ ಅಂದರೆ ಮಕ್ಕಳು ಹಸುವಿನ ಮನೆಗೆ ಕುಂಟಬೇಕು.

ಈ ವರ್ಷ ಮುಂದಿನ ಅಂಗಳದಲ್ಲಿ ಕೊಠಡಿ ಕಟ್ಟುತ್ತಿದ್ದರಿಂದ ಆಟ ಹಿಂದುಗಡೆಯ ಹಳೇ ಚಪ್ಪಡಿ ಹಾಸಿನ ಮೇಲಕ್ಕೆ ಬಂತು. ಅಲ್ಲಿ ಮೂಲೆಯ ಮನೆಗೆ ಮಾತ್ರ ಯಾರೂ ಕಾಲಿಡಲಿಲ್ಲ. ಕಪ್ಪೆ ಬರೆದು ‘ಫ್ರಾಗ್’ ಅಂದರೆ ಮರೆತವರಂತೆ ನಿಂತರು. ಕಪ್ಪೆಯನ್ನು ಪಕ್ಕದ ಮನೆಗೆ ಸರಿಸಿದ್ದೇ ತಡ, ಎಲ್ಲರೂ ನೆಗೆದರು. ಕಪ್ಪೆಯ ಬದಲು ಮೂಲೆಯಲ್ಲಿ ಬರೆದ ಸೂರ್ಯ ಈಗ ಒಂಟಿಯಾದ.

“ಯಾಕ್ ಚಿನ್ನು, ಸನ್ ಗೊತ್ತಿಲ್ವಾ?”

ಎರಡನೇ ತರಗತಿಯ ಚಿನ್ನು ಬಾಯಿಬಡುಕಿ. ಅವತ್ತು ಪಿಸುಗುಟ್ಟಿದಳು. “ಗೊತ್ತು ಮಿಸ್. ಅಲ್ ನಿಂತ್ಕಂಡು ಪದ ಅಂದ್ರೆ ಕೆಳಗಿಂದ ಯಾರೋ ಮಾತಾಡ್ತರೆ.”

“ಯಾರು?”

“ಗೊತ್ತಿಲ್ಲ. ಅವ್ರಿಗೂ ಆಟಕ್ಕೆ ಬರ್ಬೇಕಂತೆ.”

ಜಯಲಕ್ಷ್ಮಮ್ಮ ನಗಲು ನೋಡಿದರು, ಆಗಲಿಲ್ಲ. ಮಕ್ಕಳು ಊಟಕ್ಕೆ ಕೂತಾಗ ಒಬ್ಬರೇ ಹೋಗಿ, ಚಪ್ಪಲಿ ಬಿಟ್ಟು ಮೂಲೆಯ ಕಲ್ಲಿನ ಮೇಲೆ ನಿಂತರು. ಬಿಸಿಲು ನೆತ್ತಿ ಸುಡುತ್ತಿತ್ತು. ಅಂಗಾಲಿಗೆ ಮಾತ್ರ ಬಾವಿನೀರಿನಷ್ಟು ತಣ್ಣಗೆ.

“ಫ್ರಾಗ್” ಅಂದರು, ಮೆಲ್ಲಗೆ.

ಆಮೇಲೆ ಕಾಲಡಿಯಿಂದ, ಪಾಠ ಒಪ್ಪಿಸುವ ಮಗುವಿನ ರಾಗದಲ್ಲಿ ಬಂತು: “ಕಪ್ಪೆ.”

ಅಡುಗೆಮನೆ ಹೇಗೆ ಸೇರಿದರೋ ಅವರಿಗೇ ತಿಳಿಯದು. ಬಿಸಿಯೂಟ ಮಾಡುವ ಮಂಚಮ್ಮ ಅವರ ಮುಖ ನೋಡಿ ಸೌಟು ಕೆಳಗಿಟ್ಟರು.

“ಮೂಲೆಗೆ ಓಗಿದ್ರಾ ಮಿಸ್? ಅಲ್ಲಿ ಅಳೇ ಬಾವಿ ಅದೆ. ಸ್ಕೂಲು ಕಟ್ಟೋವಾಗ ಚಪ್ಡಿ ಆಕಿ ಮುಚ್ಬುಟ್ರು.”

“ಯಾರಾದ್ರೂ ಬಿದ್ದಿದ್ರಾ?”

“ನಮ್ಮವ್ವನ ಕಾಲದ ಮಾತು. ಬುಡಿ, ಉಣ್ಣೋ ಒತ್ನಲ್ಲಿ ಬ್ಯಾಡ.”

ಹೆಡ್‌ಮಾಸ್ಟರ್ ಶಿವಲಿಂಗಯ್ಯನವರಿಗೆ ಜಯಲಕ್ಷ್ಮಮ್ಮ ಹೇಳಿದ್ದು ಇಷ್ಟೇ: ಕಲ್ಲಿನಡಿ ಟೊಳ್ಳಿದೆ, ಮಕ್ಕಳಿಗೆ ಅಪಾಯ. ಸಂಜೆಯೊಳಗೆ ಮುಳ್ಳುಬೇಲಿ ಹಾಕಿಸಿಯೇ ಬಸ್ಸು ಹತ್ತಿದರು. ಆ ವಾರವೇ ಮಳೆ ಬಿದ್ದು ಚಪ್ಪಡಿ ಮುರಿದು ಒಳಗಿಳಿಯಿತು. ಬೇಲಿ ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಊರೆಲ್ಲ ಮಾತಾಡಿಕೊಂಡಿತು.

ಬಾವಿ ತುಂಬಲು ಟ್ರಾಕ್ಟರಿನಲ್ಲಿ ಮಣ್ಣು ಬಂತು. ಮೊದಲ ಲೋಡು ಸುರಿಯುವ ಮುಂಚೆ ಜಯಲಕ್ಷ್ಮಮ್ಮ ಡ್ರೈವರನಿಗೆ ಕೈ ತೋರಿಸಿ ನಿಲ್ಲಿಸಿದರು. ಬಾವಿಯ ಬಾಯಿಯತ್ತ ಬಗ್ಗಿ, ಯಾರಿಗೂ ಕೇಳದ ಹಾಗೆ “ವೆರಿ ಗುಡ್” ಅಂದರು.

ಉತ್ತರಕ್ಕೆ ಕಾಯದೆ ತರಗತಿಗೆ ನಡೆದರು.