ಅಮಾವಾಸ್ಯೆ ನೀರು ಕುಡಿದ ಟ್ರ್ಯಾಕ್ಟರ್

ಲತೀಫ್ ಸಾಬರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶ್ರೀನಿವಾಸಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಳಬಾಗಿಲು ರಸ್ತೆಯಲ್ಲಿ ಅವರ ಟ್ರ್ಯಾಕ್ಟರ್ ಗ್ಯಾರೇಜು, ಪಕ್ಕದಲ್ಲೇ ನನ್ನ ವೆಲ್ಡಿಂಗ್ ಅಂಗಡಿ. ನಡುವೆ ಒಂದು ತಗಡಿನ ಗೋಡೆ. ಅವರು ಗಿರಾಕಿಗಳಿಗೆ ಬೈಯುವುದನ್ನು ಕೇಳುತ್ತಲೇ ನನ್ನ ತಲೆ ನರೆತಿದೆ. ಬೈಗುಳ ಕನ್ನಡದಲ್ಲಿ ಶುರುವಾಗಿ, ಸಿಟ್ಟು ಏರಿದಂತೆ ತೆಲುಗಿಗೆ ಹೋಗುತ್ತದೆ. ಗೌನಿಪಲ್ಲಿ ಕಡೆಯವರಿಗೆ ತೆಲುಗಿನಲ್ಲಿ ಬೈದರೇ ನಾಟುವುದು ಎನ್ನುವುದು ಅವರ ವಾದ. ತುಕ್ಕು ಹಿಡಿದ ನಟ್ಟಿನ ಜೊತೆ ಮಾತ್ರ ಮನೆಯ ಉರ್ದುವಿನಲ್ಲಿ ಮೆಲ್ಲಗೆ ಮಾತಾಡುತ್ತಾರೆ.

ಅವರ ತಂದೆ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರು. ಎತ್ತು ಕಾಲನ್ನು ಬಿಗಿಹಿಡಿದರೆ ಎಳೆಯಬೇಡ, ಅದು ಹೋಗುವ ಕಡೆಗೇ ಸ್ವಲ್ಪ ಬಿಡು, ಆಮೇಲೆ ನಿನ್ನ ಕಡೆಗೆ ತಾ ಎನ್ನುತ್ತಿದ್ದರಂತೆ. ಊರಿನಲ್ಲಿ ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬಂದಾಗ ಮಗ ಸ್ಪ್ಯಾನರ್ ಹಿಡಿದರು, ಆದರೆ ಆ ಪಾಠ ಬಿಡಲಿಲ್ಲ. ಕಚ್ಚಿಕೊಂಡ ನಟ್ಟನ್ನು ಮೊದಲು ಒಂದಿಷ್ಟು ಬಿಗಿ ಮಾಡುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಕಬ್ಬಿಣದ ಮೇಲೆ ನೇರವಾಗಿ ಸುತ್ತಿಗೆ ಬೀಳಕೂಡದು, ನಡುವೆ ಮಾವಿನ ಮರದ ತುಂಡು ಇರಲೇಬೇಕು. ಇದನ್ನು ಮೀರಿದ ಗಿರಾಕಿಯನ್ನು ಅವನ ಗಾಡಿಯ ಸಮೇತ ರಸ್ತೆಗೆ ತಳ್ಳಿದ್ದನ್ನು ನಾನೇ ಕಂಡಿದ್ದೇನೆ.

ಸಿಟ್ಟಿನಲ್ಲಿ ನಾನೂ ಕಡಿಮೆಯವನಲ್ಲ. ಕಾಂತರಾಜನ ಕೆಲಸ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಾವಿನ ಕೊಯ್ಲು ಮುಗಿದು ತೋಟ ಉಳುವ ಸಮಯ. ಗೌನಿಪಲ್ಲಿ ಹತ್ತಿರದ ಹಳ್ಳಿಯಿಂದ ಕಾಂತರಾಜ್ ತನ್ನ ಹೊಸ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಒಂದು ಹಳೆಯ ಮೆಸ್ಸಿ ಟ್ರ್ಯಾಕ್ಟರನ್ನು ಎಳೆದುಕೊಂಡು ಬಂದ. ಅದು ಅವನ ಅಣ್ಣ ಗಂಗುಲಪ್ಪನದು. ಗಂಗುಲಪ್ಪ ತೀರಿಕೊಂಡ ಮೇಲೆ ಅದು ಹುಣಸೆ ಮರದ ಕೆಳಗೆ ನಿಂತೇ ಇತ್ತು. ಹಿಂದೆಯೇ ಬಸ್ಸಿನಲ್ಲಿ ಗಂಗುಲಪ್ಪನ ಹೆಂಡತಿ ಗಂಗರತ್ನಮ್ಮ ಬಂದಿಳಿದರು.

"ಸಾಬ್ರೆ, ಒಂದ್ಸಲ ನೋಡ್ಬಿಡಿ. ಆಗಲ್ಲ ಅಂದ್ರೆ ಹಿಂಗಿಂದ ಹಿಂಗೇ ಗುಜರಿಗೆ ಎಳ್ಕೊಂಡ್ ಹೋಗ್ತೀನಿ" ಎಂದ ಕಾಂತರಾಜ್.

"ಆಗುತ್ತೆ ಅನ್ನಿ ಸಾಬ್ರೆ" ಎಂದರು ಗಂಗರತ್ನಮ್ಮ. "ನಮ್ ತ್ರಿವೇಣಿಗೆ ಅವರಪ್ಪ ಓಡ್ಸೋದು ಕಲ್ಸವ್ರೆ. ನಮ್ ಪಾಲಿನ ತೋಟ ನಾವೇ ಉತ್ಕೊಂತೀವಿ."

ಲತೀಫ್ ಇಂಜಿನ್ನಿನ ಮೇಲ್ಭಾಗ ಬಿಚ್ಚಿದರು. ಒಂದು ಸಿಲಿಂಡರಿನ ತುಂಬ ತುಕ್ಕು, ಪಿಸ್ಟನ್ ಅಲ್ಲಾಡದಂತೆ ಹಿಡಿದುಕೊಂಡಿತ್ತು. "ಇಂಜಿನ್ ಬ್ಲಾಕ್ ಸೀಳದೆ ಇದು ಬಿಡಿಸ್ಕೊಂಡ್ರೆ ಗಾಡಿ ಓಡುತ್ತಮ್ಮ. ಸೀಳಿದ್ರೆ ಗುಜರಿನೇ. ನಂಗೆ ಟೈಮ್ ಬೇಕು" ಎಂದು ಸಿಲಿಂಡರಿಗೆ ಡೀಸೆಲ್ಲು, ಬ್ರೇಕ್ ಆಯಿಲ್ಲು ಬೆರೆಸಿ ಹುಯ್ದು, ಮೇಲೆ ಬಟ್ಟೆ ಮುಚ್ಚಿಟ್ಟರು.

ಕಾಂತರಾಜನ ಮುಖ ಸಪ್ಪಗಾಯಿತು. ಯಾಕೆಂದು ಕಣ್ಣಿದ್ದವರಿಗೆಲ್ಲ ಗೊತ್ತು. ಹಳೆಯದು ಗುಜರಿಗೆ ಹೋದರೆ ಅತ್ತಿಗೆ ಪ್ರತಿ ಉಳುಮೆಗೂ ಇವನ ಬಾಡಿಗೆ ಟ್ರ್ಯಾಕ್ಟರಿನ ಮುಂದೆ ಕೈಕಟ್ಟಿ ನಿಲ್ಲಬೇಕು, ಇವನು ಕೊಟ್ಟ ದಿನ ಉಳಬೇಕು. ಆಮೇಲೆ ತೋಟವನ್ನೇ ಇವನಿಗೆ ಗುತ್ತಿಗೆ ಕೊಡಬೇಕು.

ಶುಕ್ರವಾರ ಲತೀಫ್ ನಮಾಜಿಗೆ ಹೋಗಿದ್ದರು. ತಗಡಿನ ಗೋಡೆಯಾಚೆ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಕಾಂತರಾಜ್ ಸಮ್ಮಟಿ ಎತ್ತಿಕೊಂಡು ಪಿಸ್ಟನ್ನಿನ ತಲೆಗೆ ಬಾರಿಸುತ್ತಿದ್ದಾನೆ.

"ಲೇ, ಕೈ ಬಿಡೋ!" ಎಂದು ಸಮ್ಮಟಿಯ ಕಾವಿಗೇ ಜೋತುಬಿದ್ದೆ.

"ಎಣ್ಣೆ ಹುಯ್ಕೊಂಡ್ ಕೂತಿದ್ರೆ ಬರುತ್ತಾ ನರಸಿಂಹಪ್ಪ? ನಾಲ್ಕೇಟು ಬಿದ್ರೆ ತಾನೇ ಬರುತ್ತೆ" ಎಂದ.

ದುಡುಕಿ ಹೊಡೆದನೋ, ಬ್ಲಾಕ್ ಸೀಳಲಿ ಎಂದೇ ಹೊಡೆದನೋ ದೇವರಿಗೇ ಗೊತ್ತು. ನನ್ನನ್ನು ಕೇಳಿದರೆ ಸೀಳಲಿ ಎಂದೇ.

ನಮಾಜಿನಿಂದ ಬಂದ ಲತೀಫ್ ಟೋಪಿ ತೆಗೆಯದೆ ಇಂಜಿನ್ನಿನ ಮುಂದೆ ಕುಳಿತರು. ಪಿಸ್ಟನ್ನಿನ ಅಂಚು ಚೂರಾಗಿ ಹಾರಿತ್ತು. ಬ್ಲಾಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಸೀಳಿದ್ದರೆ ಆ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ನಾವಿಬ್ಬರೂ ಬಗ್ಗಿ ನೋಡಿದೆವು. ಗೆರೆ ಮೂಡಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಬೈಗುಳ. ರಸ್ತೆಯಲ್ಲಿ ಹೋಗುವ ಬೈಕುಗಳು ನಿಂತವು. ಅಷ್ಟರಲ್ಲಿ ಗಾಡಿ ನೋಡಿಕೊಂಡು ಹೋಗಲು ಬಂದ ಗಂಗರತ್ನಮ್ಮ ಬಾಗಿಲಲ್ಲೇ ಬೆದರಿ ನಿಂತರು. ಬೈಯುತ್ತಲೇ ಲತೀಫ್ ಹೊಗೆ ಪೈಪನ್ನು ಬಿಚ್ಚಿ ನೆಲಕ್ಕೆ ಬಗ್ಗಿಸಿದರು. ಒಳಗಿನಿಂದ ಹಳದಿ ಕೆಸರು ಬಿತ್ತು, ಜೊತೆಗೆ ಕೊಳೆತ ಹೂವಿನ ಎಸಳು.

"ಇದೇನಮ್ಮ?"

"ಅಮಾಸೆ ಪೂಜೆದು ಸಾಬ್ರೆ. ಅರಿಶ್ನದ ನೀರು" ಎಂದರು ಆಕೆ. ಗಂಗುಲಪ್ಪ ಮಳೆ ಬೀಳದಿರಲೆಂದು ಪೈಪಿನ ತುದಿಗೆ ಹಾಲಿನ ಪುಡಿಯ ಡಬ್ಬ ಬೋರಲು ಹಾಕಿಡುತ್ತಿದ್ದನಂತೆ. ದೇವರ ತಲೆಯ ಮೇಲೆ ಹಳೇ ಡಬ್ಬ ಯಾಕೆಂದು ಈಕೆ ಅದನ್ನು ತೆಗೆದು, ಪ್ರತಿ ಅಮಾವಾಸ್ಯೆಯೂ ಪೈಪಿನ ತುದಿಯಿಂದ ಒಂದು ಚೊಂಬು ನೀರು ಹುಯ್ದು, ಹೂವು ಸಿಕ್ಕಿಸುತ್ತಿದ್ದರು. ಆ ನೀರೇ ಪೈಪಿನಿಂದ ಸಿಲಿಂಡರಿಗೆ ಇಳಿದು ತುಕ್ಕು ಹಿಡಿಸಿತ್ತು. "ಅವ್ರು ಹೋದ್ಮೇಲೆ ಒಂದ್ ಅಮಾಸೆನೂ ತಪ್ಪಿಸಿಲ್ಲ ನಾನು."

ಕಾಂತರಾಜ್ ಚಪ್ಪಾಳೆ ತಟ್ಟಿ ನಕ್ಕ. "ನೋಡಿದ್ರಾ! ನನ್ನ ಬೈತಿದ್ರಲ್ಲ, ಗಾಡಿನ ಸಾಯಿಸಿದ್ದು ನಮ್ಮತ್ತಿಗೆ!"

ಗಂಗರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದರು. ನನಗೆ ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಲತೀಫ್ ಮಾತ್ರ ದನಿ ತಗ್ಗಿಸಿದರು.

"ಗಾಡಿ ಕೀ ಯಾರತ್ರ ಇತ್ತು?"

"ನನ್ನತ್ರ." ಕಾಂತರಾಜನ ಕೈ ಉಡಿದಾರದಲ್ಲಿದ್ದ ಕೀ ಗೊಂಚಲಿಗೆ ಹೋಯಿತು.

"ಒಂದ್ ದಿನನಾದ್ರೂ ಸ್ಟಾರ್ಟ್ ಮಾಡಿದ್ಯಾ?"

ಅವನು ಗೊಂಚಲನ್ನು ಅಂಗಿಯ ಕೆಳಗೆ ಸರಿಸಿದ. "ತ್ರಿವೇಣಿ ಎಷ್ಟೋ ಸಲ ಕೇಳಿದ್ಲು. ಹೆಣ್ ಹುಡ್ಗಿಗ್ಯಾಕೆ ಟ್ರ್ಯಾಕ್ಟ್ರು ಅಂತ ಕೊಡ್ಲಿಲ್ಲ" ಎಂದರು ಗಂಗರತ್ನಮ್ಮ, ನೆಲ ನೋಡುತ್ತಾ.

"ಈಯಮ್ಮ ತಪ್ಪು ಮಾಡವ್ರೆ, ಇಲ್ಲ ಅನ್ನಲ್ಲ" ಎಂದು ಎದ್ದರು ಲತೀಫ್. "ಅಮ್ಮಾ, ನೀರು ಹಾಕೋದಾದ್ರೆ ಚಕ್ರಕ್ಕೆ ಹಾಕ್ಬೇಕು, ಮೂಗಿಗಲ್ಲ. ಆದ್ರೆ ಲೇ ಕಾಂತರಾಜ, ತಿಂಗ್ಳಿಗೊಂದ್ಸಲ ಇಂಜಿನ್ ತಿರುಗಿದ್ರೆ ಆ ನೀರು ಹೊಗೆ ಜೊತೆ ಹಾರೋಗ್ತಿತ್ತು. ಇದನ್ನ ತಿಂಗ್ಳು ತಿಂಗ್ಳು ಬಂದು ಮುಟ್ಟಿದ್ದು ಇವ್ರೊಬ್ರೇ ಕಣೋ. ನೀನು ಕೀ ಸೊಂಟಕ್ಕೆ ಕಟ್ಕೊಂಡ್ ಮೆರೆದೆ. ನೀಕು ಸಿಗ್ಗುಂದಾ?"

ನಾಚಿಕೆಯ ಮಾತು ತೆಲುಗಿಗೆ ಹೋಗಿತ್ತು. ಇನ್ನು ಅವರು ನಿಲ್ಲುವುದಿಲ್ಲ ಎಂದು ಕಾಂತರಾಜನಿಗೂ ತಿಳಿಯಿತು. ಅವರು ಕೈ ಚಾಚಿದಾಗ ಸುಮ್ಮನೆ ಕೀ ಬಿಚ್ಚಿ ಕೊಟ್ಟು ಹೋದ.

ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಒಂದು ಬೆಳಿಗ್ಗೆ ಲತೀಫ್ ಇಂಜಿನ್ನಿನ ಕೆಳಭಾಗ ಬಿಚ್ಚಿ, ಪಿಸ್ಟನ್ನಿನ ಮೇಲೆ ಮಾವಿನ ಮರದ ತುಂಡು ಇಟ್ಟು ಮೊದಲು ಒಳಕ್ಕೇ ತಟ್ಟಿದರು. ಆಮೇಲೆ ಕೆಳಗಿನಿಂದ ಹೊರಕ್ಕೆ. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಅದೇನು ಉರ್ದುವಿನಲ್ಲಿ ಮುದ್ದು ಮಾಡಿದರೋ ನನಗೆ ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಕರ್ ಎಂದು ಒಂದು ಬೆರಳಗಲ ಜಾರಿತು. "ಬಂತು ನರಸಿಂಹಪ್ಪ!" ಎಂದು ಅವರು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. ಒಡೆದ ಪಿಸ್ಟನ್ನಿಗೆ ಬದಲಿಯನ್ನು ಕೋಲಾರದಿಂದ ತರಿಸಿ, ಎಲ್ಲ ಜೋಡಿಸಿದರು.

ಗಾಡಿ ಒಯ್ಯುವ ದಿನ ಅಮಾವಾಸ್ಯೆ. ಗಂಗರತ್ನಮ್ಮ ಚಕ್ರಗಳಿಗೆ ನೀರು ಹಾಕಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಪೈಪಿನ ತುದಿಗೆ ನಾನು ಬೆಸುಗೆ ಹಾಕಿದ ಮುಚ್ಚಳವಿತ್ತು. ಲತೀಫ್ ಕೀಯನ್ನು ಅವರ ಅಂಗೈಗೇ ಹಾಕಿದರು.

"ನಂಗೆ ಓಡ್ಸಕ್ ಬರಲ್ಲ ಸಾಬ್ರೆ."

"ಓಡಿಸ್ಬೇಡಿ. ತಿರುಗಿಸಿ ಸಾಕು."

ಆಕೆ ಸೀರೆ ಎತ್ತಿ ಕಟ್ಟಿ, ಗಂಡನ ಸೀಟಿನ ಮೇಲೆ ಕುಳಿತು ಕೀ ತಿರುಗಿಸಿದರು. ಮೆಸ್ಸಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಮುಚ್ಚಳ ಪಟಪಟ ಬಡಿಯಿತು. ಅಷ್ಟು ಹೊತ್ತೂ ರಸ್ತೆಯಲ್ಲಿ ನಿಂತಿದ್ದ ಕಾಂತರಾಜ್ ಈಗ ಮುಂದೆ ಬಂದು ಮೆಟ್ಟಿಲ ಮೇಲೆ ಕಾಲಿಟ್ಟ.

"ಇಳೀರಿ ಅತ್ತಿಗೆ, ನಾನೇ ಹೊಡ್ಕೊಂಡ್ ಬರ್ತೀನಿ."

"ಕಾಲು ತೆಗಿ" ಎಂದರು ಗಂಗರತ್ನಮ್ಮ. ಮುಂಚೆ ಅವರ ದನಿ ಇಷ್ಟು ಗಟ್ಟಿಯಾಗಿ ನಾನು ಕೇಳಿರಲಿಲ್ಲ. "ನರಸಾಪುರದಿಂದ ಕಂಪನಿ ಬಸ್ಸು ಬರುತ್ತೆ. ನನ್ ಮಗಳು ಶಿಫ್ಟ್ ಮುಗಿಸ್ಕೊಂಡ್ ಬಂದು ಹೊಡ್ಕೊಂಡ್ ಹೋಗ್ತಾಳೆ. ಅಲ್ಲೀಗಂಟ ಇಲ್ಲೇ ಕೂತಿರ್ತೀನಿ."

ಅವನು ಕಾಲು ತೆಗೆದ. ಸುತ್ತ ಸೇರಿದ ಜನರನ್ನು ನೋಡಿ, ಏನಾದರೂ ಹೇಳಬೇಕೆಂದು, "ಡೀಸೆಲ್ ಸುಮ್ನೆ ಉರೀತಿದೆ ಅತ್ತಿಗೆ, ಆಫ್ ಆದ್ರೂ ಮಾಡಿ" ಎಂದ.

"ಉರೀಲಿ" ಎಂದರು ಗಂಗರತ್ನಮ್ಮ.