ಮೂರನೆಯ ಸಾಲು

ಹಾಡು ಕೇಳಬೇಕೆಂದರೆ ಕ್ಯಾಸೆಟ್ ಹುಡುಕಬೇಕಾದ ಮನೆಗಳು ಆಗಿನ್ನೂ ಇದ್ದವು, ನಮ್ಮದೂ ಅಂಥದ್ದು. ನನಗಾಗ ಹತ್ತು ವರ್ಷ. ಆ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚು ಗುಡ್ಡ ಇಳಿದು ನಮ್ಮ ಊರು ರಾಂಚೊ ಬರ್ನಾರ್ಡೊ ಕಡೆ ಬಂದ ಬೆಳಿಗ್ಗೆ, ಹದಿನೈದು ನಿಮಿಷದಲ್ಲಿ ಮನೆ ಬಿಟ್ಟೆವು. ಅಪ್ಪ ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಅಜ್ಜಿಯ ನೀಲಿ ಬಿಸ್ಕತ್ತಿನ ಡಬ್ಬಿ ತರುವುದು. ಅದರಲ್ಲಿ, ತೀರಿಹೋದ ಅವಳ ಅಕ್ಕ ಹಾಡಿದ ಬೀಸುವ ಪದಗಳ ಕ್ಯಾಸೆಟ್ ಇತ್ತು. ನಮ್ಮಲ್ಲಿ ಖಾಲಿ ಡಬ್ಬಿಯನ್ನು ಯಾರೂ ಎಸೆಯುತ್ತಿರಲಿಲ್ಲ; ಅಂಥ ನೀಲಿ ಡಬ್ಬಿ ಎರಡಿದ್ದವು. ಫ್ರೀವೇಯಲ್ಲಿ ಮುಚ್ಚಳ ಎತ್ತಿದೆ. ಶೇಂಗಾ ಚಟ್ನಿಪುಡಿ. ಮುಚ್ಚಿಬಿಟ್ಟೆ. ಹೊಗೆ ತುಂಬಿದ್ದ ಕಾರಿನಲ್ಲಿ ಯಾರಿಗೂ ವಾಸನೆ ಹತ್ತಲಿಲ್ಲ.

ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಅಪ್ಪನ ಸ್ನೇಹಿತರ ಮನೆ ಸೇರಿಕೊಂಡೆವು. ಮೂರನೆಯ ದಿನ, ನಮ್ಮ ಮನೆ ಉಳಿದಿಲ್ಲವೆಂದು ಫೋನ್ ಬಂತು.

"ಹೋಗ್ಲಿ ಬಿಡ, ಅಕ್ಕನ ಡಬ್ಬಿ ಐತಲ್ಲ," ಎಂದಳು ಅಜ್ಜಿ. ನಾನು ಡಬ್ಬಿಯನ್ನು ಮಂಚದ ಕೆಳಗೆ ಇನ್ನೂ ಒಳಕ್ಕೆ ತಳ್ಳಿದೆ.

ಆ ಮಧ್ಯಾಹ್ನ ಪಕ್ಕದ ಮನೆಯ ಜಗಲಿಯಲ್ಲಿ ವಾಲ್ಟರ್ ಎಂಬ ಕಪ್ಪು ಜನಾಂಗದ ಮುದುಕರು ಗಿಟಾರ್ ಹಿಡಿದು ಕೂತಿದ್ದರು. ಬೆರಳಿಗೆ ಒಡೆದ ಬಾಟಲಿಯ ಕೊರಳು ಸಿಕ್ಕಿಸಿ ತಂತಿಯ ಮೇಲೆ ಜಾರಿಸುತ್ತ ಹಾಡುತ್ತಿದ್ದರು. ಅಜ್ಜಿ ನೆಟ್ಟಗೆ ಹೋಗಿ ಮೆಟ್ಟಿಲ ಮೇಲೆ ಕೂತು ನನ್ನನ್ನು ಕರೆದಳು.

"ಏನವ್ವಾ, ಇದು ಬೀಸೋ ಪದದಂಗ ಐತಿ! ಒಂದ ಸಾಲ ಎರಡ ಸಲ ಅಂದ, ಮೂರನೇದಕ್ಕ ತಿರುವಿ ಬಿಟ್ಟ. ಯಾರ ಕಲಿಸಿದ್ರಂತ ಕೇಳ."

ನಾನು ಕೇಳಿದೆ, ಅವರ ಇಂಗ್ಲಿಷನ್ನು ಹರಕು ಕನ್ನಡದಲ್ಲಿ ಅಜ್ಜಿಗೆ ಹೇಳಿದೆ. ಅವರ ಹಿರಿಯರನ್ನು ಆಫ್ರಿಕಾದಿಂದ ಸರಪಳಿ ಹಾಕಿ ತಂದಿದ್ದರು. ಹತ್ತಿ ಹೊಲದಲ್ಲಿ ಒಬ್ಬ ಹಾಡಿ ಕರೆದರೆ ಉಳಿದವರು ಓಗೊಡುತ್ತಿದ್ದರು. ಬಿಡುಗಡೆಯಾದ ಮೇಲೂ ಹತ್ತಿ ಬೇರೆಯವರದೇ. ಆಗ ಒಂಟಿ ಹಾಡುಗಾರರು ಹುಟ್ಟಿಕೊಂಡರು. ಓಗೊಡುವ ಕೆಲಸ ಗಿಟಾರಿಗೆ ಬಂತು. ಅದೇ ಬ್ಲೂಸ್. ಜನ ರೈಲು ಹತ್ತಿ ನಗರಗಳಿಗೆ ಹೋದಾಗ, ಗದ್ದಲದಲ್ಲೂ ಕೇಳಲೆಂದು ಗಿಟಾರಿಗೆ ಕರೆಂಟು ಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಲ್ಟರ್ ಅವರ ಅಪ್ಪ ಹಡಗು ಕಟ್ಟುವ ಕೆಲಸಕ್ಕೆ ಲಾಸ್ ಏಂಜಲೀಸಿಗೆ ಬಂದರು.

"ಬರುವಾಗ ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. ಹಾಡು ಬಾಯಲ್ಲಿತ್ತು," ಎಂದರು ವಾಲ್ಟರ್. "ಅಪ್ಪನ ಈ ಹಾಡಿನ ಮೂರನೆಯ ಸಾಲು ನನಗೆ ಮರೆತೇಹೋಯಿತು. ನಾನೇ ಒಂದು ಕಟ್ಟಿದೆ. ಇದುವರೆಗೆ ಯಾರೂ ಬೈದಿಲ್ಲ."

ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅಪ್ಪನ ಸ್ನೇಹಿತರ ಮನೆಗೆ ಓಡಿ ಡಬ್ಬಿ ತಂದು ಅಜ್ಜಿಯ ಮಡಿಲಲ್ಲಿಟ್ಟೆ. "ಸಾರಿ ಅಜ್ಜಿ. ರಾಂಗ್ ಡಬ್ಬಿ."

ಅಜ್ಜಿ ಮುಚ್ಚಳ ತೆಗೆದಳು. ಪುಡಿಯನ್ನು ಮೂಸಿ ನೋಡಿದಳು. ಆಮೇಲೆ ಒಂದು ಚಿಟಿಕೆ ವಾಲ್ಟರ್ ಅವರ ಅಂಗೈಗೆ ಹಾಕಿದಳು. ಅವರು ಬಾಯಿಗೆ ಹಾಕಿಕೊಂಡು ಕೆಮ್ಮಿದರು, ಮತ್ತೆ ಕೈ ಚಾಚಿದರು.

"ಅಳಬ್ಯಾಡ," ಎಂದಳು ನನಗೆ. "ಬೀಸಾಕ ಇಬ್ಬರ ಬೇಕಾಗ್ತಾರ. ಅಕ್ಕ ಹಾಡಿದ್ರ ಆ ಕಡೆ ಕುಂತು ಓಗೊಡಾಕಿ ಯಾರಂತ ತಿಳದಿ? ನಾನ."

ನಮ್ಮೆದುರು ಎಂದೂ ಹಾಡದವಳು ಕಣ್ಣು ಮುಚ್ಚಿ ಶುರುಮಾಡಿದಳು. ಎರಡನೆಯ ಪದಕ್ಕೆ ಗಿಟಾರು ಓಗೊಟ್ಟಿತು.

ಅದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಅಜ್ಜಿ ಈಗಿಲ್ಲ, ವಾಲ್ಟರ್ ಅವರೂ ಇಲ್ಲ. ಅಂದಿನ ಪದಗಳಲ್ಲಿ ನಾಲ್ಕು ಮಾತ್ರ ನನಗೆ ಪೂರ್ತಿ ಬರುತ್ತವೆ. ಇನ್ನೆರಡರ ಮೂರನೆಯ ಸಾಲು ನೆನಪಿಲ್ಲ. ಒಂದಕ್ಕೆ ನಾನೇ ಸಾಲು ಕಟ್ಟಿದ್ದೇನೆ. ಇನ್ನೊಂದನ್ನು ಹಾಡುವಾಗ ಎರಡನೆಯ ಸಾಲಿಗೆ ನಿಲ್ಲಿಸುತ್ತೇನೆ. ಮೊನ್ನೆ ನನ್ನ ಮೂರು ವರ್ಷದ ಮಗಳು ಅಲ್ಲಿಗೆ ಏನೋ ಒಂದು ಸೇರಿಸಿ ಹಾಡಿದಳು.